ಮಳೆಗಾಲದಲ್ಲಿ ಪುಸ್ತಕದೊಳಗೆ ಮುಳುಗು

ಜೂನ್ ಬಂತೆಂದರೆ ಮುರುಡೇಶ್ವರದ ಕಡಲು ಬಾಗಿಲು ಹಾಕಿಕೊಳ್ಳುತ್ತದೆ. ಹೊಳೆಗಳು ಘಟ್ಟದ ಕೆಮ್ಮಣ್ಣನ್ನು ತಂದು ಸುರಿಯುತ್ತವೆ, ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಗಳು ಟಾರ್ಪಾಲು ಹೊದ್ದು ಮಲಗುತ್ತವೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಮತ್ತೆ ನೀರು ತಿಳಿಯಾಗುವುದು ಮಳೆ ಹಿಂದೆ ಸರಿದ ಮೇಲೆಯೇ.

ನಾನು ಸ್ಕೂಬಾ ಡೈವರ್. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಕಾಲಿಗೆ ಈಜುರೆಕ್ಕೆ ತೊಟ್ಟು ಕಡಲಿನಡಿ ಇಳಿಯುವವನು. ‘ನೀರಿಲ್ಲದ ತಿಂಗಳುಗಳಲ್ಲಿ ಏನು ಮಾಡುತ್ತೀರಿ?’ ಎಂದು ಜನ ಕೇಳುತ್ತಾರೆ. ‘ಓದುತ್ತೇನೆ’ ಎಂದರೆ ನಗುತ್ತಾರೆ. ಆದರೆ ಇದು ಹೊತ್ತು ಕಳೆಯುವ ಓದಲ್ಲ. ಒಂದು ಸಿಲಿಂಡರ್ ಗಾಳಿಯಲ್ಲಿ ನಾವು ನೀರಿನಡಿ ಇರುವುದು ಸುಮಾರಾಗಿ ಮುಕ್ಕಾಲು ಗಂಟೆ. ಅಲ್ಲಿ ಮಾತಿಲ್ಲ, ಬರೀ ಕೈಸನ್ನೆ. ‘ಇದೇನು ಮೀನು?’, ‘ತಲೆ ಯಾಕೆ ತಿರುಗುತ್ತಿದೆ?’ ಎಂದು ಅಲ್ಲಿ ಯಾರನ್ನೂ ಕೇಳಲು ಆಗುವುದಿಲ್ಲ. ಕೇಳಬೇಕಾದುದನ್ನೆಲ್ಲ ದಡದ ಮೇಲೆಯೇ ಕೇಳಿ, ಉತ್ತರವನ್ನು ತಲೆಯಲ್ಲಿಟ್ಟುಕೊಂಡು ಇಳಿಯಬೇಕು. ನಮಗಿಂತ ಮುಂಚೆ ಇಳಿದವರು ಕಂಡದ್ದು, ಕಲಿತದ್ದು, ಕಳೆದುಕೊಂಡದ್ದು ಎಲ್ಲವೂ ಪುಸ್ತಕಗಳಲ್ಲಿದೆ.

ನಮ್ಮ ಮನೆಯಲ್ಲಿ ಈ ಓದು ಒಬ್ಬನದಲ್ಲ. ರಾತ್ರಿ ಊಟವಾದ ಮೇಲೆ ನಾನು ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಕೇಳುವವರು ಇಬ್ಬರು: 74 ವರ್ಷದ ನನ್ನ ಅಮ್ಮ, 9 ವರ್ಷದ ಮಗಳು. ಅಮ್ಮನಿಗೆ ಕಡಲೆಂದರೆ ಭಯ. ಮಗಳಿಗೆ ಕಡಲೆಂದರೆ ಪ್ರಾಣ. ಇಬ್ಬರ ಮಧ್ಯೆ ಕುಳಿತು ಓದಿದ ಕೆಲವು ಪುಸ್ತಕಗಳನ್ನು ನಿಮಗೂ ಹೇಳುತ್ತೇನೆ.

ಟಿಪ್ಪುವಿನ ನೆಂಟ ಕ್ಯಾಪ್ಟನ್ ನೆಮೊ

ಮೊದಲನೆಯದು ಫ್ರಾನ್ಸಿನ ಜೂಲ್ಸ್ ವರ್ನ್ ಬರೆದ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ’. 1869–70ರಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಇದು. ನಾಟಿಲಸ್ ಎಂಬ ಜಲಾಂತರ್ಗಾಮಿ, ಅದರ ಒಡೆಯ ಕ್ಯಾಪ್ಟನ್ ನೆಮೊ, ಅವನ ಕೈಗೆ ಸಿಕ್ಕಿದ ಮೂವರು. ಮಗಳ ಮೊದಲ ಪ್ರಶ್ನೆ: ‘ಕಡಲು ಇಪ್ಪತ್ತು ಸಾವಿರ ಲೀಗ್ ಆಳ ಇದೆಯಾ?’

ಲೆಕ್ಕ ಹಾಕಿ ನೋಡೋಣ ಎಂದೆ. ಈ ಕಥೆಯ ಒಂದು ಲೀಗ್ ಎಂದರೆ 4 ಕಿಲೋಮೀಟರ್. ಇಪ್ಪತ್ತು ಸಾವಿರ ಲೀಗ್ ಅಂದರೆ 80,000 ಕಿಲೋಮೀಟರ್. ಇಡೀ ಭೂಮಿಯನ್ನು ಈ ಕಡೆಯಿಂದ ಆ ಕಡೆಗೆ ತೂತು ಕೊರೆದರೂ 12,700 ಕಿಲೋಮೀಟರ್ ಆದೀತು. ಕಡಲಿನ ಅತಿ ಆಳದ ಜಾಗವೇ ಸುಮಾರು 11 ಕಿಲೋಮೀಟರ್. ಹಾಗಾಗಿ ಆ ಸಂಖ್ಯೆ ಆಳದ್ದಲ್ಲ. ನೀರಿನಡಿಯಲ್ಲಿ ಹಡಗು ಸಾಗಿದ ದೂರದ್ದು. ಮಕ್ಕಳೇ, ಪುಸ್ತಕದ ಹೆಸರಿನಿಂದಲೇ ಒಂದು ಲೆಕ್ಕ ಸಿಕ್ಕಿತು ನೋಡಿ.

ಅಮ್ಮನಿಗೆ ಹಿಡಿಸಿದ್ದು ಬೇರೆ ಸಂಗತಿ. ಈ ನೆಮೊ ಯಾರು ಎಂಬುದನ್ನು ವರ್ನ್ ಆ ಕಾದಂಬರಿಯಲ್ಲಿ ಹೇಳುವುದೇ ಇಲ್ಲ. ಐದಾರು ವರ್ಷಗಳ ನಂತರ ಬಂದ ‘ದಿ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಗುಟ್ಟು ಹೊರಬೀಳುತ್ತದೆ. ಅವನು ಭಾರತದವನು, ಬುಂದೇಲಖಂಡದ ರಾಜನ ಮಗ ಡಕ್ಕರ್, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು. ಅಷ್ಟೇ ಅಲ್ಲ, ವರ್ನ್ ಅವನನ್ನು ನಮ್ಮ ಟಿಪ್ಪು ಸುಲ್ತಾನನ ಸಂಬಂಧಿಯೆಂದು ಬರೆದಿದ್ದಾನೆ! ಕಥೆಯ ನೆಂಟಸ್ತಿಕೆಯೇ ಇರಬಹುದು, ಆದರೂ ಶ್ರೀರಂಗಪಟ್ಟಣದ ಹೆಸರು ಕೇಳಿ ಬೆಳೆದ ನಮಗೆ ಆ ಪುಟದಲ್ಲಿ ಮೈ ಜುಮ್ಮೆನ್ನುತ್ತದೆ. ಸಿಂಹಳದ ಬಳಿ ಮುತ್ತು ಹೆಕ್ಕುವ ಬಡ ಮುಳುಗುಗಾರನೊಬ್ಬನನ್ನು ನೆಮೊ ಶಾರ್ಕ್ ಬಾಯಿಂದ ಉಳಿಸಿ, ಒಂದು ಚೀಲ ಮುತ್ತು ಕೊಡುತ್ತಾನೆ. ಆ ಭಾಗವನ್ನು ಅಮ್ಮ ಎರಡು ಸಲ ಹೇಳಿಸಿಕೊಂಡಳು.

ಹಸಿರು ರಕ್ತ, ಹೊಗೆ ಬೆರೆತ ಗಾಳಿ

ಎರಡನೆಯದು ಪ್ರತಿಯೊಬ್ಬ ಡೈವರ್ ಓದಲೇಬೇಕಾದದ್ದು: ಜಾಕ್ ಕುಸ್ತೊ, ಫ್ರೆಡರಿಕ್ ಡ್ಯುಮಾ ಸೇರಿ ಬರೆದ ‘ದಿ ಸೈಲೆಂಟ್ ವರ್ಲ್ಡ್’ (1953). ನಾವು ಇಂದು ಬಳಸುವ ಸ್ಕೂಬಾ ಸಾಧನದ ಹುಟ್ಟಿನ ಕಥೆ ಇದರಲ್ಲಿದೆ. ಕುಸ್ತೊ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ. ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಜನ ಕಾರುಗಳನ್ನು ಅನಿಲದಲ್ಲಿ ಓಡಿಸುತ್ತಿದ್ದರು. ಅದಕ್ಕೆಂದು ಎಮಿಲ್ ಗ್ಯಾನ್ಯಾ ಎಂಬ ಎಂಜಿನಿಯರ್ ಒಂದು ಕವಾಟ ಮಾಡಿದ್ದ. ಅದನ್ನೇ ತಿದ್ದಿ, ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿ ಕೊಡುವ ಸಾಧನವನ್ನು ಇಬ್ಬರೂ 1943ರಲ್ಲಿ ತಯಾರಿಸಿದರು. ಅದಕ್ಕೆ ಮುಂಚೆ ಮುಳುಗುಗಾರರು ಭಾರದ ಹೆಲ್ಮೆಟ್ ತೊಟ್ಟು, ಮೇಲಿನಿಂದ ಬರುವ ಕೊಳವೆಗೆ ಕಟ್ಟುಬಿದ್ದು ಕಡಲ ತಳದಲ್ಲಿ ನಡೆಯುತ್ತಿದ್ದರು. ಈಗ ಮನುಷ್ಯ ಮೀನಿನ ಹಾಗೆ ತಿರುಗಾಡುವಂತಾಯಿತು.

ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಆಳದಲ್ಲಿ ಡ್ಯುಮಾ ಒಂದು ಮೀನಿಗೆ ಈಟಿ ಹೊಡೆಯುತ್ತಾನೆ. ಹರಿದ ರಕ್ತ ಹಸಿರು! ಮೇಲೆ ಬರುತ್ತಾ ಬರುತ್ತಾ ಅದು ಕೆಂಪಾಗುತ್ತದೆ. ನೀರು ಬೆಳಕಿನ ಕೆಂಪನ್ನು ಮೊದಲು ನುಂಗುತ್ತದೆ. ನೇತ್ರಾಣಿಯ ಬಂಡೆಗಳ ಮಧ್ಯೆ ಕೆಂಪು ಮೀನು ಬೂದು ಬಣ್ಣದಲ್ಲಿ ಕಾಣುವುದೂ ಇದರಿಂದಲೇ. ಟಾರ್ಚ್ ಹಾಕಿದರೆ ತಟ್ಟನೆ ಕೆಂಪು ಬೆಳಗುತ್ತದೆ.

ಆದರೆ ಅಮ್ಮನ ಮನಸ್ಸಿನಲ್ಲಿ ನಿಂತದ್ದು 1946ರ ಘಟನೆ. ಫ್ರಾನ್ಸಿನ ವೋಕ್ಲೂಸ್ ಎಂಬಲ್ಲಿ ನೆಲದಡಿಯಿಂದ ಉಕ್ಕುವ ದೊಡ್ಡ ಬುಗ್ಗೆಯಿದೆ. ಅದರ ಗುಹೆಯೊಳಗೆ ಕುಸ್ತೊ ಮತ್ತು ಡ್ಯುಮಾ ಇಳಿದರು. ಆಳಕ್ಕೆ ಹೋದಂತೆ ಇಬ್ಬರ ಬುದ್ಧಿಯೂ ಮಂಕಾಯಿತು. ಡ್ಯುಮಾ ಸಾಯುವ ಸ್ಥಿತಿಗೆ ಬಂದ. ಕುಸ್ತೊ ಮೇಲೆ ಹತ್ತಲು ಹಗ್ಗ ಜಗ್ಗಿದರೆ, ಮೇಲಿದ್ದವರು ‘ಇನ್ನಷ್ಟು ಹಗ್ಗ ಬೇಕಂತೆ’ ಎಂದು ಸಡಿಲ ಬಿಟ್ಟರು. ಹೇಗೋ ಬದುಕಿ ಬಂದರು. ಆಮೇಲೆ ಕಾರಣ ಗೊತ್ತಾಯಿತು: ಸಿಲಿಂಡರಿಗೆ ಗಾಳಿ ತುಂಬುವ ಯಂತ್ರ ತನ್ನದೇ ಎಂಜಿನ್ನಿನ ಹೊಗೆಯನ್ನು ಒಳಗೆಳೆದುಕೊಂಡಿತ್ತು. ಆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅವರು ನೀರಿಗಿಳಿಯುವ ಮುಂಚೆಯೇ ವಿಷ ಬೆನ್ನ ಮೇಲೆ ಕುಳಿತಿತ್ತು.

ಅಂದಿನಿಂದ, ಡೈವಿಂಗ್ ಶುರುವಾದ ದಿನಗಳಲ್ಲಿ ನಾನು ಮನೆಯಿಂದ ಹೊರಡುವಾಗ ಅಮ್ಮನ ಪ್ರಶ್ನೆ ತಪ್ಪುವುದಿಲ್ಲ: ‘ಗಾಳಿ ತುಂಬುವ ಯಂತ್ರ ಹೊಗೆ ಕುಡಿಯುತ್ತಿಲ್ಲ ತಾನೇ?’ ಎಂದೂ ನೀರಿಗಿಳಿಯದ ಅಜ್ಜಿಯೊಬ್ಬಳು ಕೇಳುವ ಈ ಪ್ರಶ್ನೆಯನ್ನು ಎಷ್ಟೋ ಡೈವರ್‌ಗಳು ಕೇಳುವುದಿಲ್ಲ.

ಅದೇ ತಂಡದ ಮೊರಿಸ್ ಫಾರ್ಗ್ 1947ರಲ್ಲಿ ಎಷ್ಟು ಆಳಕ್ಕೆ ಹೋಗಬಹುದೆಂದು ಪರೀಕ್ಷಿಸಲು ಇಳಿದು, ಸುಮಾರು 120 ಮೀಟರ್‌ನಲ್ಲಿ ಹಲಗೆಯ ಮೇಲೆ ತನ್ನ ಹೆಸರು ಗೀಚಿದ. ಜೀವಂತವಾಗಿ ಮೇಲೆ ಬರಲಿಲ್ಲ. ಆಳದಲ್ಲಿ ನಾವು ಉಸಿರಾಡುವ ಗಾಳಿಯ ನೈಟ್ರೋಜನ್ನೇ ಹೆಂಡದಂತೆ ಅಮಲೇರಿಸುತ್ತದೆ. ಇಂದು ಹವ್ಯಾಸಿ ಡೈವರ್‌ಗಳಿಗೆ 40 ಮೀಟರ್ ಕೊನೆಯ ಗೆರೆ. ಆ ಗೆರೆಯ ಹಿಂದೆ ಇಂಥ ಹೆಸರುಗಳಿವೆ.

ಹೇಳುವವರು ಒಬ್ಬರು, ಬರೆಯುವವರು ಇನ್ನೊಬ್ಬರು

ಮೂರನೆಯದು ಅಮೆರಿಕದ ವಿಲಿಯಂ ಬೀಬ್ ಅವರ ‘ಹಾಫ್ ಮೈಲ್ ಡೌನ್’ (1934). ಬೀಬ್ ಮತ್ತು ಓಟಿಸ್ ಬಾರ್ಟನ್ ಒಂದು ಉಕ್ಕಿನ ಗೋಲದೊಳಗೆ ಮುದುಡಿ ಕುಳಿತು, ತಂತಿಹಗ್ಗಕ್ಕೆ ತೂಗುಬಿದ್ದು, ಬರ್ಮುಡಾದ ಬಳಿ 923 ಮೀಟರ್ ಆಳಕ್ಕೆ ಹೋದರು. ಅಷ್ಟು ಆಳವನ್ನು ಕಣ್ಣಾರೆ ಕಂಡವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಸೂರ್ಯನ ಬೆಳಕು ಮುಗಿದ ಕತ್ತಲೆಯಲ್ಲಿ ತಾವೇ ದೀಪ ಹೊತ್ತು ತಿರುಗುವ ಮೀನುಗಳು ಕಂಡವು. ಬೀಬ್ ಟೆಲಿಫೋನಿನಲ್ಲಿ ಹೇಳುತ್ತಾ ಹೋದರು. ಮೇಲೆ ಹಡಗಿನಲ್ಲಿ ಗ್ಲೋರಿಯಾ ಹಾಲಿಸ್ಟರ್ ಎಂಬ ವಿಜ್ಞಾನಿ ಬರೆದುಕೊಂಡರು. ಎಲ್ಸ್ ಬೋಸ್ಟೆಲ್‌ಮನ್ ಎಂಬ ಕಲಾವಿದೆ ಆ ವರ್ಣನೆಗಳಿಂದ ಚಿತ್ರ ಬರೆದರು.

ಇದನ್ನು ಓದಿದ ಮೇಲೆ ನಮ್ಮ ಮನೆಯಲ್ಲೊಂದು ಆಟ ಹುಟ್ಟಿತು. ನೀವೂ ಆಡಬಹುದು. ಅಜ್ಜ ಅಥವಾ ಅಜ್ಜಿ ಮೀನಿನ ಚಿತ್ರವೊಂದನ್ನು ಮೊಮ್ಮಕ್ಕಳಿಗೆ ತೋರಿಸದೆ ಬಾಯಲ್ಲೇ ವರ್ಣಿಸಬೇಕು: ಬಾಲ ಕತ್ತರಿಯ ಹಾಗೆ, ಬೆನ್ನ ಮೇಲೆ ಮೂರು ಪಟ್ಟೆ, ಬಾಯಿ ಕೆಳಗೆ ಬಾಗಿದೆ... ಮಕ್ಕಳು ಕೇಳುತ್ತಾ ಚಿತ್ರ ಬಿಡಿಸಬೇಕು. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಗು ತಡೆಯಲಾಗದು. ಆದರೆ ನಾಲ್ಕು ದಿನ ಆಡಿದರೆ ಎಲ್ಲಿ ಕಣ್ಣಿಡಬೇಕೆಂದು ಇಬ್ಬರಿಗೂ ತಿಳಿಯುತ್ತದೆ. ನೀರಿನಡಿ ಮೀನನ್ನು ಗುರುತಿಸುವುದೂ ಹೀಗೆಯೇ: ಮೊದಲು ಮೈಯ ಆಕಾರ, ಮತ್ತೆ ಬಾಲ, ಮತ್ತೆ ಪಟ್ಟೆ. ಬಣ್ಣ ಕೊನೆಗೆ, ಏಕೆಂದರೆ ನೀರು ಬಣ್ಣದಲ್ಲಿ ಮೋಸ ಮಾಡುತ್ತದೆ.

ಈ ಆಟಕ್ಕೆ ಒಳ್ಳೆಯ ಚಿತ್ರಗಳು ಬೇಕಾದರೆ ಫ್ರಾನ್ಸಿಸ್ ಡೇ ಅವರ ‘ದಿ ಫಿಶಸ್ ಆಫ್ ಇಂಡಿಯಾ’ ಇದೆ. ಮದ್ರಾಸಿನ ಸೇನೆಯಲ್ಲಿ ವೈದ್ಯರಾಗಿದ್ದ ಡೇ 1875ರಿಂದ 1878ರ ನಡುವೆ ಪ್ರಕಟಿಸಿದ ಕೃತಿ. ಅದರ ಚಿತ್ರಪುಟಗಳಲ್ಲಿ ನಮ್ಮ ಕರಾವಳಿಯ ಮೀನುಗಳೇ ಸಾಲಾಗಿ ನಿಂತಿವೆ. ಅವುಗಳ ಮುಂದೆ ಅಮ್ಮನೇ ಮೇಷ್ಟ್ರು. ‘ಇದು ತಾರ್ಲೆ, ದಕ್ಷಿಣದ ಕಡೆ ಬೂತಾಯಿ ಅನ್ನುತ್ತಾರೆ. ಇದು ಇಸ್ವಾಣ, ಅವರಿಗೆ ಅಂಜಲ್. ಇದು ತೊರಕೆ, ಬಾಲದ ಮುಳ್ಳು ಜೋಪಾನ!’ ಪುಸ್ತಕದಲ್ಲಿರುವುದು ಲ್ಯಾಟಿನ್ ಹೆಸರು. ನಮ್ಮ ಹೆಸರು ಹಿರಿಯರ ಬಾಯಲ್ಲಿದೆ. ಮಗಳು ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದಿಡುತ್ತಿದ್ದಾಳೆ. ನಿಮ್ಮ ಮನೆಯ ಅಜ್ಜಿಗೆ ಗೊತ್ತಿರುವ ಮೀನಿನ ಹೆಸರುಗಳನ್ನು ಈ ಮಳೆಗಾಲದಲ್ಲೇ ಬರೆದುಕೊಳ್ಳಿ. ಮುಂದಕ್ಕೆ ಹಾಕುವ ಕೆಲಸವಲ್ಲ ಅದು.

ಏಣಿ ಬಿಡದ ಲೇಖಕಿ

ರೇಚಲ್ ಕಾರ್ಸನ್ ಅವರ ‘ದಿ ಸೀ ಅರೌಂಡ್ ಅಸ್’ (1951) ಓದಿದರೆ ಒಂದು ಸಮಾಧಾನ ಸಿಗುತ್ತದೆ. ಕಡಲಿನ ಬಗ್ಗೆ ಇಷ್ಟು ಚೆನ್ನಾಗಿ ಬರೆದಾಕೆ ಬೆಳೆದದ್ದು ಕಡಲಿನಿಂದ ದೂರದ ಪೆನ್ಸಿಲ್ವೇನಿಯಾದಲ್ಲಿ. ಈ ಪುಸ್ತಕ ಬರೆಯುವ ಕಾಲದಲ್ಲಿ ಫ್ಲಾರಿಡಾದಲ್ಲಿ ಹೆಲ್ಮೆಟ್ ತೊಟ್ಟು ನೀರಿಗೆ ಇಳಿದರು, ಅದೂ ಏಣಿಯನ್ನು ಬಿಡದೆ. ಉಳಿದದ್ದೆಲ್ಲ ಓದಿ, ವಿಜ್ಞಾನಿಗಳನ್ನು ಕೇಳಿ ತಿಳಿದದ್ದು. ಆ ಪುಸ್ತಕ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಹೆಚ್ಚು ಮಾರಾಟದ ಪಟ್ಟಿಯಲ್ಲಿ 86 ವಾರ ಉಳಿಯಿತು. ಚಂದ್ರ ಹೇಗೆ ನೀರನ್ನು ಎಳೆದು ಉಬ್ಬರವಿಳಿತ ತರುತ್ತಾನೆ, ಮೇಲಿನಿಂದ ಉದುರುವ ಧೂಳು, ಚಿಪ್ಪಿನ ಚೂರು ಕೋಟ್ಯಂತರ ವರ್ಷಗಳಿಂದ ಹಿಮದ ಹಾಗೆ ತಳದಲ್ಲಿ ಹೇಗೆ ಸೇರುತ್ತಿದೆ ಎಂಬುದನ್ನೆಲ್ಲ ಅದರಲ್ಲಿ ಓದಬಹುದು. ಮಂಡಿನೋವಿರುವ ಅಜ್ಜಂದಿರು, ಕಡಲನ್ನೇ ಕಾಣದ ಬೀದರ್, ರಾಯಚೂರಿನ ಮಕ್ಕಳು ‘ನಮಗ್ಯಾಕೆ ಇದು’ ಎನ್ನಬೇಕಿಲ್ಲ. ಕಾರ್ಸನ್ ಅವರಂತೆ ಏಣಿ ಹಿಡಿದುಕೊಂಡೇ ಕಡಲನ್ನು ತಿಳಿಯಬಹುದು.

ಎಂಟು ಕೈಗಳ ಬುದ್ಧಿವಂತ

ಪೀಟರ್ ಗಾಡ್‌ಫ್ರೆ-ಸ್ಮಿತ್ ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ, ಜೊತೆಗೆ ಡೈವರ್. ಅವರ ‘ಅದರ್ ಮೈಂಡ್ಸ್’ (2016) ಪೂರ್ತಿ ಆಕ್ಟೋಪಸ್ ಮತ್ತು ಅದರ ಬಳಗದ ಬಗ್ಗೆ. ನಮ್ಮ ಕರಾವಳಿಯವರು ತಿನ್ನುವ ಬೊಂಡಾಸ್ ಇದೆಯಲ್ಲ, ಅದರ ಹತ್ತಿರದ ನೆಂಟ ಈ ಆಕ್ಟೋಪಸ್. ಮೂರು ಹೃದಯ, ನೀಲಿ ರಕ್ತ, ಸುಮಾರು 50 ಕೋಟಿ ನರಕೋಶ. ಆ ನರಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ತಲೆಯಲ್ಲಲ್ಲ, ಕೈಗಳಲ್ಲಿ! ಇಷ್ಟು ಬುದ್ಧಿಯಿದ್ದರೂ ಹೆಚ್ಚಿನ ಜಾತಿಗಳ ಆಯುಸ್ಸು ಒಂದೆರಡು ವರ್ಷ. ಇದನ್ನು ಕೇಳಿ ಮಗಳು, ‘ಹಾಗಾದರೆ ಅದಕ್ಕೆ ಅಜ್ಜಿಯೇ ಇರುವುದಿಲ್ಲವಾ?’ ಎಂದಳು. ಇರುವುದಿಲ್ಲ. ತಾಯಿಯೂ ಮೊಟ್ಟೆ ಕಾದು ಮರಿ ಹೊರಬರುವ ಹೊತ್ತಿಗೆ ಸಾಯುತ್ತಾಳೆ. ಪ್ರತಿ ಮರಿಯೂ ಎಲ್ಲವನ್ನೂ ತಾನೇ ಹೊಸದಾಗಿ ಕಲಿಯಬೇಕು. ನಮಗಾದರೆ ಅಜ್ಜಿಯೂ ಇದ್ದಾಳೆ, ಪುಸ್ತಕವೂ ಇದೆ.

ದೊಡ್ಡವರಿಗೆ ಮಾತ್ರ ಒಂದು

ರಾಬರ್ಟ್ ಕರ್ಸನ್ ಅವರ ‘ಶ್ಯಾಡೋ ಡೈವರ್ಸ್’ (2004) ಹೈಸ್ಕೂಲು ಮುಗಿಸಿದವರಿಗೆ. 1991ರಲ್ಲಿ ಅಮೆರಿಕದ ನ್ಯೂಜೆರ್ಸಿ ತೀರದಾಚೆ 70 ಮೀಟರ್ ಆಳದಲ್ಲಿ, ಯಾವ ದಾಖಲೆಯಲ್ಲೂ ಇಲ್ಲದ ಜರ್ಮನ್ ಜಲಾಂತರ್ಗಾಮಿಯೊಂದು ಸಿಕ್ಕಿತು. ಅದು ಯು-869 ಎಂದು ಖಚಿತವಾಗಲು ಆರು ವರ್ಷ ಬೇಕಾಯಿತು. ಅಷ್ಟರಲ್ಲಿ ಮೂವರು ಡೈವರ್‌ಗಳು ಪ್ರಾಣ ಬಿಟ್ಟಿದ್ದರು. ಅವರಲ್ಲಿ ಇಬ್ಬರು ತಂದೆ ಮತ್ತು ಮಗ. ಹಡಗಿನೊಳಗೆ ಮಗ ಸಿಕ್ಕಿಹಾಕಿಕೊಂಡ. ತಂದೆ ಬಿಡಿಸಿದ. ಆದರೆ ನಿಂತು ನಿಂತು ನಿಧಾನವಾಗಿ ಬರಬೇಕಾದವರು ನೇರವಾಗಿ ಮೇಲೆ ಬಂದರು.

ನಿಧಾನ ಯಾಕೆ? ಸೋಡಾ ಬಾಟಲಿ ನೆನಪಿಸಿಕೊಳ್ಳಿ. ಮುಚ್ಚಳ ಮೆಲ್ಲಗೆ ಸಡಿಲಿಸಿದರೆ ಗ್ಯಾಸು ಸುಮ್ಮನೆ ಹೋಗುತ್ತದೆ. ಫಟ್ಟನೆ ತೆಗೆದರೆ ಗುಳ್ಳೆಯೆದ್ದು ಉಕ್ಕುತ್ತದೆ. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ನಮ್ಮ ರಕ್ತದಲ್ಲಿ ಕರಗಿರುತ್ತದೆ. ಬೇಗ ಮೇಲೆ ಬಂದರೆ ಆ ಗುಳ್ಳೆಗಳು ಮೈಯೊಳಗೇ ಏಳುತ್ತವೆ. ಎರಡು ಮುಳುಗುಗಳ ನಡುವೆ ನಾವು ದೋಣಿಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರುವುದೂ ಅದಕ್ಕೇ. ಆ ಹೊತ್ತಿಗೂ ನನ್ನ ಚೀಲದಲ್ಲೊಂದು ಪುಸ್ತಕವಿರುತ್ತದೆ.

ಮಗಳು ಮಲಗಿದ ಮೇಲೆ ಈ ಕಥೆಯನ್ನು ಅಮ್ಮನಿಗೆ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ಹಡಗು ಐವತ್ತು ವರ್ಷ ಅಲ್ಲೇ ಇತ್ತಲ್ಲ. ಇನ್ನೊಂದು ದಿನ ಇರುತ್ತಿರಲಿಲ್ಲವೇ?’ ಎಂದಳು. ‘ಇವತ್ತು ಬೇಡ’ ಎಂದು ದೋಣಿ ತಿರುಗಿಸಲು ಮನಸ್ಸು ಹಿಂದೆಮುಂದೆ ನೋಡುವಾಗ ನನಗೆ ಈ ಮಾತು ಕೇಳಿಸುತ್ತದೆ.

ಕನ್ನಡದಲ್ಲಿ ಓದಲು

ಇಂಗ್ಲಿಷ್ ಕಷ್ಟವಾದ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಕೊಡಿ. ಅಂಡಮಾನಿನ ಕಡಲು, ಮೀನು, ಕಾಡು, ಜನ ಎಲ್ಲವೂ ಪಕ್ಕದಲ್ಲಿ ಕುಳಿತು ಹೇಳಿದ ಹಾಗಿದೆ. ಹಳೆಯ ಗ್ರಂಥಾಲಯಗಳಲ್ಲಿ ಕೋಟದ ಶಿವರಾಮ ಕಾರಂತರ ‘ಬಾಲಪ್ರಪಂಚ’ದ ಸಂಪುಟಗಳು ಇನ್ನೂ ಸಿಕ್ಕಾವು, ಹುಡುಕಿ ನೋಡಿ. ಅಜ್ಜಂದಿರಲ್ಲಿ ಕೆಲವರು ಚಿಕ್ಕಂದಿನಲ್ಲಿ ಅದನ್ನು ಓದಿಯೂ ಇರಬಹುದು.

ಕೊನೆಯ ಪುಸ್ತಕವನ್ನು ಅಂಗಡಿಯಲ್ಲಿ ಕೊಳ್ಳಲಾಗದು. ಅದು ಡೈವರ್‌ನ ಸ್ವಂತ ದಿನಚರಿ. ಪ್ರತಿ ಸಲ ಇಳಿದಾಗಲೂ ದಿನಾಂಕ, ಆಳ, ಎಷ್ಟು ನಿಮಿಷ, ನೀರು ಎಷ್ಟು ತಿಳಿ, ಉಳಿದ ಗಾಳಿ, ಕಂಡ ಜೀವಿಗಳು, ಜೊತೆಗಿದ್ದವರು ಎಲ್ಲವನ್ನೂ ಬರೆಯುತ್ತೇವೆ. ಮಳೆಗಾಲದಲ್ಲಿ ನಾನು ಅದನ್ನು ಮೊದಲ ಪುಟದಿಂದ ಓದುತ್ತೇನೆ. ಯಾವ ತಿಂಗಳಲ್ಲಿ ಯಾವ ಬಂಡೆಯ ಬಳಿ ಆಮೆ ಕಂಡಿತ್ತು, ಯಾವ ದಿನ ಗಾಳಿ ಬೇಗ ಮುಗಿಯಿತು ಎಂಬುದು ಆಗ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮಕ್ಕಳೇ, ನೀವು ಇಂಥ ದಿನಚರಿಯನ್ನು ಊರಿನ ಕೆರೆಗೂ ಹಳ್ಳಕ್ಕೂ ಬರೆಯಬಹುದು. ದಡದಲ್ಲಿ ನಿಂತೇ, ದೊಡ್ಡವರ ಜೊತೆಗೇ.

ಮುಂದಿನ ವರ್ಷ ಮಗಳಿಗೆ ಹತ್ತು ತುಂಬುತ್ತದೆ. ಸಾಮಾನ್ಯವಾಗಿ ತರಬೇತಿ ಸಂಸ್ಥೆಗಳು ಮಕ್ಕಳಿಗೆ ಹತ್ತು ತುಂಬಿದ ಮೇಲೆ ದೊಡ್ಡವರ ಜೊತೆ ಸ್ವಲ್ಪ ಆಳಕ್ಕೆ ಇಳಿಯಲು ಕಲಿಸುತ್ತವೆ. ಒಪ್ಪಿಗೆ ಕೊಡುವವಳು ಅಜ್ಜಿಯೇ ಎಂದು ನಾನು ಹೇಳಿಬಿಟ್ಟಿದ್ದೇನೆ. ಅಜ್ಜಿ ಪರೀಕ್ಷೆಗೆ ಮೂರು ಪ್ರಶ್ನೆ ಇಟ್ಟಿದ್ದಾಳೆ. ಮೇಲೆ ಬರುವಾಗ ಉಸಿರು ಕಟ್ಟಿದರೆ ಏನಾಗುತ್ತದೆ? ಮಗಳು ಉತ್ತರಿಸಿದಳು: ‘10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ತುಂಬಿಕೊಂಡ ಗಾಳಿ ಮೇಲೆ ಬಂದಾಗ ಎರಡರಷ್ಟು ಹಿಗ್ಗುತ್ತದೆ. ಕಟ್ಟಿಕೊಂಡರೆ ಶ್ವಾಸಕೋಶ ಬಲೂನಿನ ಹಾಗೆ ಒಡೆಯುತ್ತದೆ. ಅದಕ್ಕೇ ಉಸಿರಾಟ ನಿಲ್ಲಿಸಲೇಬಾರದು.’ ಬೇಗ ಮೇಲೆ ಬಂದರೆ ಏನಾಗುತ್ತದೆ? ಸೋಡಾ ಬಾಟಲಿ ತಂದು ತೋರಿಸಿದಳು, ಅಡುಗೆಮನೆಯೆಲ್ಲ ಒದ್ದೆ.

ಮೂರನೆಯದು: ಅಷ್ಟು ದೂರ ದೋಣಿಯಲ್ಲಿ ಹೋಗಿ, ಎಲ್ಲ ಕಟ್ಟಿಕೊಂಡು ನಿಂತ ಮೇಲೆ ಮನಸ್ಸು ಅಳುಕಿದರೆ ಏನು ಮಾಡುತ್ತೀ?

‘ಅಪ್ಪನಿಗೆ ಬೇಡ ಅಂತ ಹೇಳುತ್ತೇನೆ’ ಎಂದಳು.

‘ಅಪ್ಪ ಬೈದರೆ?’

‘ಬೈಯುವುದಿಲ್ಲ. ನಾವಿಬ್ಬರೂ ಒಂದೇ ಪುಸ್ತಕ ಓದಿದ್ದೇವಲ್ಲ.’